ಅರ ಚಂಚಾ ಬುದ್ಧಿ

ನನ್ನ ಮಿದುಳಿನಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಳಬಾಗಿಲಿನ ನಮ್ಮ ಕಚೇರಿಯಲ್ಲಿ ಇಲಾಖೆಯ ನಿಯಮಗಳನ್ನು ನನ್ನಷ್ಟು ಬಾಯಿಪಾಠ ಮಾಡಿದ ಗುಮಾಸ್ತ ಇನ್ನೊಬ್ಬನಿರಲಿಲ್ಲ. ಆದರೂ ಇಲಾಖೆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಕಾರಣ, ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲಿನ ಒಂದು ಸಾಲು: 'ಎಂಟು ಪ್ರಶ್ನೆಗಳಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿ.'

ಯಾವ ಐದು? ಎಂಟೂ ಗೊತ್ತು! ಮೂರನೆಯದನ್ನು ಬಿಟ್ಟರೆ ಅದಕ್ಕೆ ಬೇಜಾರು, ಏಳನೆಯದನ್ನು ಬಿಟ್ಟರೆ ನನಗೆ ಬೇಜಾರು. ಆರಿಸುವುದರೊಳಗೆ ಗಂಟೆ ಹೊಡೆಯುತ್ತಿತ್ತು.

ಈ ಸಲವೂ ಹೋದರೆ, ನನ್ನ ಹತ್ತಿರವೇ ಕೆಲಸ ಕಲಿತ ನಾರಾಯಣಸ್ವಾಮಿ ಹೆಡ್ ಗುಮಾಸ್ತನಾಗಿ ನನ್ನನ್ನೇ ಕಾಫಿ ತರಲು ಕಳಿಸುವುದು ಖಂಡಿತ. ಹಾಗಾಗಿ ಗೌನಿಪಲ್ಲಿಯ ಪಂಡಿತರೊಬ್ಬರಿಂದ, ತಟ್ಟನೆ ತೀರ್ಮಾನ ಮಾಡುವ ಬುದ್ಧಿ ಕೊಡುವ ಲೇಹ್ಯ ತಂದೆ.

ನನ್ನ ಹೆಂಡತಿ ಕಮಲ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

"ಚೀಟಿ ಜೇಬಲ್ಲಿಟ್ಕೊಂಡು ಹೋದ್ರೆ ಕಾಪಿ. ಲೇಹ್ಯ ಹೊಟ್ಟೇಲಿಟ್ಕೊಂಡು ಹೋದ್ರೆ ಅಲ್ವೇನ್ರೀ?"

"ಕಾಫಿ ಕುಡಿದು ಹೋಗೋದಿಲ್ವಾ? ಅದೂ ತಲೆಗೆ ಚುರುಕೇ."

"ಕಾಫಿ ಎಲ್ರೂ ಕುಡೀತಾರೆ. ಇದು ನಿಮಗೊಬ್ರಿಗೇ. ಪಾಪ, ಮಿಕ್ಕವರು ಸ್ವಂತ ತಲೇಲಿ ಬರೀಬೇಕಾ?"

"ಇದೂ ನನ್ನ ತಲೇನೇ ಕಣೇ! ಸ್ವಲ್ಪ ಒಗ್ಗರಣೆ ಹಾಕ್ತೀನಿ, ಅಷ್ಟೆ."

"ಪಾಸಾದ್ರೆ ಹೆಡ್ ಗುಮಾಸ್ತರು ಯಾರು, ನೀವಾ, ಆ ಡಬ್ಬೀನಾ?"

ಈ ಗಹನವಾದ ಪ್ರಶ್ನೆಗೆ ಉತ್ತರ ಲೇಹ್ಯ ತಿಂದ ಮೇಲೆ ಹೊಳೆಯಬಹುದೆಂದು ಡಬ್ಬಿಯ ಮುಚ್ಚಳ ಹಾಕಿದೆ.

ಪಂಡಿತರದು ತೆಲುಗು. ನಾನು ಮದ್ದೂರು ಕಡೆಯವನು. ನನ್ನ ತೆಲುಗು ಬಸ್ಸು ಹತ್ತಲು ಸಾಕು, ಇಳಿಯಲು ಸಾಲದು. "ಅರ ಚಂಚಾ" ಎಂದು ಅವರು ಒತ್ತಿ ಹೇಳಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ, ಅವರು ಹೇಳಿದ ಪ್ರಕಾರ, ಆರು ಚಮಚ ತಿಂದು ಕೋಲಾರದ ಬಸ್ಸು ಹತ್ತಿದೆ.

ಪರಿಣಾಮ ಅಮೋಘ! ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಂಟು ಪ್ರಶ್ನೆಗಳೂ ಒಂದೇ ಥರ ಕಂಡವು. ಯಾವುದರ ಮೇಲೂ ಪಕ್ಷಪಾತವಿಲ್ಲ. ನನ್ನ ಮಿದುಳು ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಟ್ಟನೆ ಒಂದು ತೀರ್ಮಾನ ಕೈಗೊಂಡಿತು.

ಮಲಗಿಬಿಟ್ಟೆ.

ಮುಂದಿನದು ನಾರಾಯಣಸ್ವಾಮಿ ಹೇಳಿದ್ದು. ಅವನೂ ಪರೀಕ್ಷೆಗೆ ಕೂತಿದ್ದ. ಸಂಜೆ ನನ್ನನ್ನು ಮನೆಗೆ ಹಿಡಿದು ತಂದವನೂ ಅವನೇ. ಕಮಲಳ ಮುಂದೆ ಅಭಿನಯಸಮೇತ ವರದಿ ಒಪ್ಪಿಸಿದ:

"ದಪ್ಪ ಮೀಸೆ ಮೇಲ್ವಿಚಾರಕರು ಬಂದು, 'ಏನ್ರೀ, ಏಳ್ರೀ, ಐದಕ್ಕೆ ಬರೀಬೇಕು' ಅಂದ್ರು ಅಕ್ಕಾ. ಇವರು ಅವರ ಕೈ ಎಳೆದು ತಲೆ ಕೆಳಗಿಟ್ಕೊಂಡು, 'ಐದಕ್ಕೇ ಎಬ್ಬಿಸು ಕಣೇ' ಅಂದ್ಬಿಟ್ರು!"

ಕಮಲ ನಗಲಿಲ್ಲ. "ಪಂಡಿತರು ಎಷ್ಟು ತಿನ್ನಿ ಅಂದಿದ್ರು?" ಎಂದು ಕೇಳಿದಳು.

"ಅರ."

"ನೀವೆಷ್ಟು ತಿಂದ್ರಿ?"

"ಆರು."

"ಅರ ಅಂದ್ರೆ ಅರ್ಧ ಕಣ್ರೀ!"

ತೆಲುಗು ಮಾತಾಡಿಕೊಂಡೇ ಬೆಳೆದ ಶ್ರೀನಿವಾಸಪುರದ ಹುಡುಗಿಯನ್ನು ಮದುವೆಯಾಗಿ, ಅವಳನ್ನು ಒಂದು ಮಾತು ಕೇಳದೆ ತಿಂದಿದ್ದೆ. ಈಗ ಅವಳು ನಗಲು ಶುರುಮಾಡಿದಳು. ಅಡುಗೆಮನೆ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಮುಂದಿನ ಸಲ ಮೊದಲನೇ ಐದು ಬರೆದು ಎದ್ದು ಬನ್ನಿ. ಅಷ್ಟಕ್ಕೆ ಲೇಹ್ಯ ಯಾಕೆ?"

ಹಾಗೇ ಮಾಡಿದೆ. ಪಾಸಾದೆ! ಅಷ್ಟರಲ್ಲಿ ಹೆಡ್ ಗುಮಾಸ್ತ ನಾರಾಯಣಸ್ವಾಮಿಯ ಕಾಫಿಗೆ ಎಷ್ಟು ಸಕ್ಕರೆ ಬೇಕೆಂಬುದು ನನಗೆ ಚೆನ್ನಾಗಿ ರೂಢಿಯಾಗಿತ್ತು. ಅರ ಚಂಚಾ.

ಇದೆಲ್ಲ ಎಷ್ಟೋ ವರ್ಷದ ಹಿಂದಿನ ಮಾತು. ಕಮಲ ತೀರಿಹೋಗಿ ಈಗ ವರ್ಷವಾಯಿತು. ನಮ್ಮ ಮನೆಯ ಮಿದುಳು ಯಾರ ತಲೆಯಲ್ಲಿತ್ತು ಎಂದು ಈಗ ತಿಳಿಯುತ್ತಿದೆ. ಮೊನ್ನೆ ಅವಳ ತಿಥಿಗೆ ಬಂದ ಅಡುಗೆಯವರು ಕೇಳಿದರು: "ಗಸಗಸೆ ಪಾಯಸಾನಾ ಸ್ವಾಮಿ, ಹೆಸರುಬೇಳೆದಾ?"

ಅವಳಿಗೆ ಎರಡೂ ಇಷ್ಟ. ನಾನು ನಿಂತೇ ಇದ್ದೆ. ಅವರು ಸೌಟು ಹಿಡಿದು ಕಾದೇ ಕಾದರು. ಕೊನೆಗೆ ಅವಳ ಮಾತು ನೆನಪಾಗಿ, ಗಂಭೀರವಾಗಿ "ಮೊದಲನೇದು" ಎಂದೆ.

"ಮೊದಲು ಯಾವುದು ಹೇಳಿದೆ ಸ್ವಾಮಿ?"

ನನಗೂ ಮರೆತಿತ್ತು!

"ಜ್ಞಾಪಕಶಕ್ತಿಗೆ ಗೌನಿಪಲ್ಲೀಲಿ ಒಂದು ಒಳ್ಳೆ ಲೇಹ್ಯ ಕೊಡ್ತಾರೆ," ಎಂದರು ಅವರು.

ಗೋಡೆಯ ಮೇಲಿನ ಅವಳ ಫೋಟೋದ ಕಡೆ ನೋಡಲು ಧೈರ್ಯವಾಗಲಿಲ್ಲ.

"ಎರಡೂ ಮಾಡಿಬಿಡಿ," ಎಂದೆ.