ತೊಂಬತ್ತಾರು ಏನು?

ಪತ್ರಿಕಾ ಕಚೇರಿಯಲ್ಲಿ ನನ್ನ ಕೆಲಸ ಒಂದೇ: ಇತರರು ಬರೆದದ್ದರಲ್ಲಿ ಹೆಚ್ಚಾದದ್ದನ್ನು ಕಡಿಯುವುದು. ಇಪ್ಪತ್ತು ವರ್ಷ ಕಡಿದಿದ್ದೇನೆ. ಹೀಗಿರುವಾಗ ಕಂಪ್ಯೂಟರಿಗೆ ಒಂದೇ ಒಂದು ಸಾಲು ಬರೆಯುವುದು ನನಗೆ ಯಾವ ಮಹಾ ಕೆಲಸ!

ಅದು ತೊಂಬತ್ತರ ದಶಕದ ಕೊನೆ. ಬಿಬವೇವಾಡಿಯ ನಮ್ಮ ಮನೆಯಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಇತ್ತು. ಅದರ ಮುಂದೆ ಕುಳಿತು ನನ್ನ ಹೆಂಡತಿ ಸುಮಂಗಲಾ ನಾಲ್ಕು ತಿಂಗಳಿಂದ ಒಂದು ಪುಸ್ತಿಕೆ ಸಿದ್ಧಪಡಿಸುತ್ತಿದ್ದಳು. ಅವಳ ತಂದೆ ಮಾರ್ಕೆಟ್ ಯಾರ್ಡಿನಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಚೀಲ ತೂಗಿದವರು. ಅವರಿಗೆ ಎಂಬತ್ತು ತುಂಬುತ್ತಿತ್ತು. ಅವರು ಆಡಿದ ಮಾತುಗಳನ್ನು ಅಚ್ಚು ಹಾಕಿಸಿ, ಎಂಬತ್ತರ ಶಾಂತಿಯ ದಿನ ಅವರ ಕೈಗೇ ಮೊದಲ ಪ್ರತಿ ಕೊಡಬೇಕೆಂಬುದು ಅವಳ ಆಸೆ. ಮಾವನವರ ಕಣ್ಣು ಮಂಜಾಗುತ್ತಿತ್ತು. ತಾವೇ ಓದುವುದಿದ್ದರೆ ಈ ವರ್ಷವೇ ಓದಬೇಕು. ಮರುದಿನ ಪುಸ್ತಿಕೆ ಪ್ರೆಸ್ಸಿಗೆ ಹೋಗಬೇಕಿತ್ತು.

ಪುಟ ತೆರೆಯಲು ಯಂತ್ರ ಏದುಸಿರು ಬಿಡುತ್ತಿತ್ತು. ನಾನು ಹೆಚ್ಚಿನ ಮೆಮೊರಿ ತಂದು ಕೂಡಿಸಿದೆ; ಒಟ್ಟು ತೊಂಬತ್ತಾರು ಮೆಗಾಬೈಟ್ ಆಯಿತು. ಆದರೆ ಕರ್ನಲ್, ಅಂದರೆ ಯಂತ್ರದೊಳಗಿನ ಯಜಮಾನ, ಅರವತ್ನಾಲ್ಕು ಮೆಗಾಬೈಟ್ ಕಂಡು, ಉಳಿದದ್ದನ್ನು ಕಾಣದಂತೆ ಕುಳಿತುಬಿಟ್ಟಿತು. ಕಚೇರಿಯ ಗೆಳೆಯ ಚೀಟಿ ಬರೆದುಕೊಟ್ಟ: "ಯಂತ್ರ ಏಳುವಾಗ ಕರ್ನಲ್‌ಗೆ mem=96M ಎಂದು ಹೇಳು. ಮೊದಲು ಒಂದು ಸಲ ಕೈಯಿಂದ ಟೈಪ್ ಮಾಡಿ ನೋಡು. ಸರಿಹೋದರೆ, ಪ್ರತಿ ಸಲ ತಾನೇ ಓದಿಕೊಳ್ಳುವಂತೆ ಫೈಲಿನಲ್ಲಿ ಬರೆ."

ಚೀಟಿಯನ್ನು ವೃತ್ತಿದೃಷ್ಟಿಯಿಂದ ಪರಿಶೀಲಿಸಿದೆ. ಮೆಮೊರಿಯನ್ನು ಮೆಗಾಬೈಟಿನಲ್ಲಿ ಅಳೆಯುತ್ತಾರೆಂಬುದು ಲೋಕವಿದಿತ. ಕೊನೆಯ M ಏಕೆ? ಕಡಿದೆ. ಒಂದು ಸಲ ಕೈಯಿಂದ ಪರೀಕ್ಷೆ ಏಕೆ? ಅದನ್ನೂ ಕಡಿದೆ. ನೇರವಾಗಿ ಫೈಲಿನಲ್ಲಿ ಶಾಶ್ವತವಾಗಿ ಬರೆದು, ಯಂತ್ರ ಆರಿಸಿ, ಮತ್ತೆ ಹಚ್ಚಿದೆ.

ಕರ್ನಲ್ ಏಳುತ್ತಿದೆ ಎಂಬರ್ಥದ ಒಂದು ಸಾಲು ಬಂತು. ಆಮೇಲೆ ಅದು ಏಳಲಿಲ್ಲ!

"ಏನಾತ್ರೀ?" ಎಂದಳು ಸುಮಂಗಲಾ ಅಡುಗೆಮನೆಯಿಂದ.

"ಏನಿಲ್ಲ. ವಿಚಾರ ಮಾಡ್ಲಿಕತ್ತದ."

"ಅದೋ, ನೀವೋ?"

ಪೆಟ್ಟಿಗೆ ಬಿಚ್ಚಿದೆ. ಮೆಮೊರಿ ಕಿತ್ತು, ಊದಿ, ಮತ್ತೆ ಒತ್ತಿದೆ. ಒಳಗಿನ ಫ್ಯಾನಿನ ಒಂದು ರೆಕ್ಕೆ ಮುರಿಯಿತು. ಪ್ರಕರಣಕ್ಕೆ ಅದರ ಸಂಬಂಧವಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ. ಪರದೆಯ ಮೇಲೆ ಅದೇ ಸಾಲು, ಅದೇ ಮೌನ. ಕೊನೆಗೆ ಲಿನಕ್ಸ್ ಸಿ.ಡಿ. ಹಾಕಿದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲೇ ಎಂದು ಅದು ವಿನಯದಿಂದ ಕೇಳಿತು.

ಸುಮಂಗಲಾ ಬಂದು ಬೆನ್ನ ಹಿಂದೆ ನಿಂತಿದ್ದಳು. "ಎಲ್ಲಾ ಅಂದ್ರ, ಅಪ್ಪನ ಪುಸ್ತಕಾನೂ?"

"ಫ್ಲಾಪಿಯೊಳಗ ಇನ್ನೊಂದು ಪ್ರತಿ ಇಟ್ಟಿದ್ದಿಯಲ್ಲ?"

"ಆ ಫ್ಲಾಪಿ ಆಫೀಸಿಗೆ ಬೇಕಂತ ನೀವ ಅಳಿಸಿ ಒಯ್ದಿರಿ."

ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಮಾವನವರು ಗೋಡೆ ಹಿಡಿದುಕೊಂಡು ಬಂದರು. "ಅಳಿಯಂದ್ರೇ, ಅದಕ್ಕ ಏನಂತ ಹೇಳಿದ್ರಿ?"

"ತೊಂಬತ್ತಾರು ಅಂತ."

"ತೊಂಬತ್ತಾರು ಏನು?"

"ಮೆಗಾಬೈಟ್ ರೀ."

"ಹಂಗ ಹೇಳಿದ್ರೇನು?"

"ಹೇಳಬೇಕೇನ್ರೀ? ಅದಕ್ಕ ಗೊತ್ತಿರ್ತದ."

"ತಕ್ಕಡಿಗೆ ಏನೂ ಗೊತ್ತಿರೂದಿಲ್ರೀ. ನಾವು ಎಂಥಾ ಕಲ್ಲು ಇಡ್ತೀವಿ, ಅಷ್ಟ ತೂಗತದ."

ನಾನು ಚೀಟಿ ತೆಗೆದು ನೋಡಿದೆ. ಗೆಳೆಯನಿಗೆ ಫೋನ್ ಮಾಡಿದೆ. ಅವನು ರಿಸೀವರಿಗೆ ಕೈ ಅಡ್ಡ ಹಿಡಿದಂತಾಯಿತು. ನಗುತ್ತಿದ್ದನೆಂದು ನಂಬಲು ಕಾರಣಗಳಿವೆ. ಅಳತೆ ಹೇಳದಿದ್ದರೆ ಕರ್ನಲ್ ಬರೀ ಬೈಟ್ ಎಂದೇ ಹಿಡಿಯುತ್ತದಂತೆ. ತೊಂಬತ್ತಾರು ಬೈಟ್, ಅಂದರೆ ಸುಮಾರು ತೊಂಬತ್ತಾರು ಅಕ್ಷರ! ಅಷ್ಟರಲ್ಲಿ ಒಂದು ಕ್ಷಮಾಪಣೆ ಪತ್ರವೂ ಹಿಡಿಸುವುದಿಲ್ಲ. ಇಡೀ ಯಂತ್ರವನ್ನು ಅದರಲ್ಲಿ ಎದ್ದು ನಿಲ್ಲು ಎಂದಿದ್ದೆ.

ಪರಿಹಾರ ಸರಳವಿತ್ತು. ಯಂತ್ರ ಏಳುವ ಮೊದಲು ಆ ಸಾಲನ್ನು M ಸಮೇತ ಕೈಯಿಂದ ಟೈಪ್ ಮಾಡಬೇಕು. ಒಂದೇ ವಿಷಯಕ್ಕೆ ಎರಡು ಆಜ್ಞೆ ಬಂದರೆ ಕರ್ನಲ್ ಕೊನೆಯದನ್ನೇ ನಡೆಸುತ್ತದೆ. ಈ ಪದ್ಧತಿ ನನಗೆ ಹೊಸದಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು.

"ಅತ್ತಾಗ ಸರೀರಿ," ಎಂದಳು ಸುಮಂಗಲಾ. "ನೀವು ಮತ್ತ ಏನರೆ ಕಡೀತೀರಿ."

ಅವಳೇ ಟೈಪ್ ಮಾಡಿದಳು. ಸಾಲುಗಳು ಪರದೆಯ ಮೇಲೆ ಮಳೆಯಂತೆ ಇಳಿದವು. ಪುಸ್ತಿಕೆ ತೆರೆಯಿತು, ಅದೂ ಏದುಸಿರಿಲ್ಲದೆ! ಮಾವನವರು ಮಗಳ ಹೆಗಲಿಗೆ ಕೈಯೂರಿ, ಗಾಜಿಗೆ ಮೂಗು ತಾಗುವಷ್ಟು ಬಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಅವಳು ಒಂದೊಂದೇ ಪುಟ ಸರಿಸಿದಳು.

"ಛಲೋ ಆಗ್ಯದವಾ," ಎಂದರು. ಮತ್ತೆ ಮೊದಲ ಪುಟಕ್ಕೆ ಹೋದರು. "ಆದ್ರ ನಂದು ಮೊದಲನೇ ಮಾತ ಇಲ್ಲಲ್ಲ? 'ಬರೇ ಅಂಕಿ ಹೇಳಬ್ಯಾಡ, ಅಳತಿ ಹೇಳು' ಅಂತ ಬರಸಿದ್ದೆ."

ಸುಮಂಗಲಾ ನನ್ನ ಕಡೆ ತಿರುಗಿದಳು. ಹಿಂದಿನ ವಾರ ಪುಸ್ತಿಕೆಯನ್ನು ತಿದ್ದಿಕೊಟ್ಟವನು ನಾನೇ. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ: "ಎಲ್ಲರಿಗೂ ಗೊತ್ತಿರುವ ಸಂಗತಿ. ಅನಗತ್ಯ."

ಅವಳು ಆ ಸಾಲನ್ನು ಮತ್ತೆ ಮೊದಲ ಪುಟದ ತಲೆಗೆ ಕೂರಿಸಿದಳು.

"ಇರ್ಲಿ ಬಿಡವಾ," ಎಂದರು ಮಾವನವರು, ನನ್ನ ಮುಖ ನೋಡಿ ಕರುಣೆ ಬಂದಿರಬೇಕು. "ನಮ್ಮ ಅಳಿಯಂದ್ರು ಶ್ಯಾಣ್ಯಾ ಇದ್ದಾರ."

"ಎಷ್ಟು ಶ್ಯಾಣ್ಯಾ, ಅಪ್ಪಾ?"

"ತೊಂಬತ್ತಾರು."

ತೊಂಬತ್ತಾರು ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.