ಪ್ಲಾಸ್ಟಿಕ್ ಜೀರ್ಣಿಸಿಕೊಳ್ಳುವ ಯಂತ್ರಕ್ಕೆ, ನನ್ನ ಕೆಂಪು ಸ್ಟೂಲಿನ ವಿಚಾರವಾಗಿ

ತೈನಾನ್ ನಗರದ ನಮ್ಮ ಓಣಿಯ ಮೂಲೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಯಂತ್ರ ಮಹೋದಯರೇ,

ತಮ್ಮ ಬಾಯಿಗೂ ಹೊಟ್ಟೆಗೂ ನಿವೃತ್ತ ಬಡಗಿಯೊಬ್ಬನ ಅನಂತ ವಂದನೆಗಳು. ನಾವು ತೊಳೆದು ಒಣಗಿಸಿ ತಂದು ಸುರಿಯುವ ಪ್ಲಾಸ್ಟಿಕ್ ಚಹಾ ಲೋಟ, ಊಟದ ಡಬ್ಬಿಗಳನ್ನು ತಾವು ಗಾಳಿಯಾಡದ ಹೊಟ್ಟೆಯಲ್ಲಿ ಬೇಯಿಸಿ, ಒಂದು ಕಡೆ ಹೊಗೆಯಿಲ್ಲದೆ ಉರಿಯುವ ಜಲಜನಕವನ್ನೂ ಇನ್ನೊಂದು ಕಡೆ ಬ್ಯಾಟರಿಗೆ ಬೇಕಾಗುವ ಇಂಗಾಲದ ಪುಡಿಯನ್ನೂ ಕೊಡುತ್ತೀರೆಂದು ತಿಳಿದು ಪುಳಕಿತನಾಗಿದ್ದೇನೆ. ನಾನು ಜೀವಮಾನವಿಡೀ ಮರ ಕೊಯ್ದರೂ ಉಳಿದದ್ದು ಬರೀ ಹೊಟ್ಟು.

ಆದರೆ ಒಂದು ಸಣ್ಣ ಅರಿಕೆ. ತಾವು ಬರುವ ಮುಂಚೆ, ಸಂಜೆಯಾದರೆ ಕಸದ ಲಾರಿ ಹಾಡು ಹಾಕಿಕೊಂಡು, ಯಾವಾಗಲೂ ತಡವಾಗಿಯೇ ಬರುತ್ತಿತ್ತು. ಓಣಿಯವರೆಲ್ಲ ಚೀಲ ಹಿಡಿದು ಕಾಯುವಾಗ ಎದುರುಮನೆಯ ವಿಧವೆ ಶ್ರೀಮತಿ ಲ್ಯಾವ್ ನನ್ನ ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ನನಗೊಬ್ಬನಿಗೇ ಹೇಳುತ್ತಿದ್ದರು. ಅವರ ಮನೆಯ ಸಿಪ್ಪೆ-ಗಿಪ್ಪೆ ಹೂಕುಂಡಕ್ಕೆ ಹೋಗುವುದರಿಂದ ಹೊರಬರಲು ಇದ್ದ ನೆವ ಪ್ಲಾಸ್ಟಿಕ್ ಒಂದೇ. ನನಗೆ ಅದೂ ಇಲ್ಲದೆ, ಸಕ್ಕರೆ ಕಾಯಿಲೆಯವನು ದಿನಾ ಸಿಹಿ ಚಹಾ ಕೊಂಡು, ಚಹಾ ಚೆಲ್ಲಿ, ಲೋಟ ಹಿಡಿದು ನಿಲ್ಲುತ್ತಿದ್ದೆ. ಚಂದ್ರನ ಹಬ್ಬಕ್ಕೆ ಒಟ್ಟಿಗೆ ಊಟ ಮಾಡೋಣವೇ ಎಂದು ಕೇಳಲು ಧೈರ್ಯ ತಂದುಕೊಳ್ಳುವಷ್ಟರಲ್ಲಿ ತಾವು ದಯಮಾಡಿಸಿದಿರಿ. ತಾವು ಹಗಲಿರುಳು ಬಾಯಿ ತೆರೆದೇ ಇರುವುದರಿಂದ ಅವರೀಗ ಬೆಳಿಗ್ಗೆ ಮಾರುಕಟ್ಟೆಗೆ ಹೋಗುವಾಗಲೇ ಹಾಕಿ ಹೋಗುತ್ತಾರೆ. "ಮೇಸ್ತ್ರಿಗಳೇ, ಇನ್ನು ಕಾಯೋ ಕಾಟ ತಪ್ತು ನೋಡಿ," ಎಂದು ಖುಷಿಯಿಂದ ಹೇಳಿದರು.

ಹೋಗಲಿ, ಅವರು ಒಂದು ಗಳಿಗೆ ಕೂರಲೆಂದು ಸ್ಟೂಲನ್ನು ತಮ್ಮ ಪಕ್ಕದಲ್ಲೇ ಇಟ್ಟರೆ, ಓಣಿಯ ಶಿಸ್ತಿನ ಜನ ಅದನ್ನೂ ತೊಳೆದು, ಒಣಗಿಸಿ, ಕಾಲು ಮುರಿದು ತಮಗೆ ತಿನ್ನಿಸಿದರು.

ಆದಕಾರಣ ತಾವು ದಿನಕ್ಕೆ ಒಂದೇ ಸಲ, ಅದೂ ತಡವಾಗಿ ಹಸಿಯಬೇಕು; ಹಸಿದಾಗ ಹಾಡಬೇಕು; ಸ್ಟೂಲಿನ ಜಲಜನಕವನ್ನೂ ಇಂಗಾಲವನ್ನೂ ಮತ್ತೆ ಕೂಡಿಸಿ, ಸಾಧ್ಯವಾದರೆ ಅದೇ ಕೆಂಪಿನಲ್ಲಿ, ವಾಪಸು ಕೊಡಬೇಕೆಂದು ವಿನಂತಿ.

ಜಗತ್ತು ಶುಭ್ರವಾಗಲಿ, ಆದರೆ ಇಷ್ಟು ಅವಸರ ಬೇಡವಾಗಿತ್ತು ಎನ್ನುವ,
ತಮ್ಮ ವಿಶ್ವಾಸಿ,
ಕೋ ಮಿಂಗ್-ಸುಂಗ್

ತಾ.ಕ.: ಇದನ್ನು ತಮ್ಮ ಮೈಗೆ ಅಂಟಿಸಲು ಹೊರಟಾಗಲೇ ಶ್ರೀಮತಿ ಲ್ಯಾವ್ ಬಾಗಿಲು ತಟ್ಟಿದರು. ಒಡೆದ ಬಕೆಟ್ಟು ತಮ್ಮ ಬಾಯಲ್ಲಿ ತೂರಲಿಲ್ಲವಂತೆ, ಕೊಯ್ಯಲು ಗರಗಸ ಬೇಕಂತೆ. ಎಲ್ಲೋ ಇಟ್ಟಿದ್ದೇನೆ, ಹುಡುಕಬೇಕು ಎಂದೆ. ಅವರು ನನ್ನ ಹಿಂದಿನ ಗೋಡೆಯಲ್ಲಿ ತೂಗುತ್ತಿದ್ದ ಗರಗಸಗಳ ಸಾಲನ್ನೇ ನೋಡುತ್ತಾ, "ನಿಧಾನಕ್ಕೆ ಹುಡುಕಿ, ಅವಸರ ಏನಿಲ್ಲ. ನಾಳೆ ಸಂಜೆ ಬರ್ತೀನಿ, ಕೂರೋಕೆ ಏನಾದ್ರೂ ಇಟ್ಟಿರಿ," ಎಂದರು. ಸ್ಟೂಲು ಮಾಡುತ್ತಿದ್ದೇನೆ, ಈ ಸಲ ಮರದ್ದು. ತಮ್ಮ ಬಾಯಿ ಅಗಲ ಮಾಡಲು ಯಾರಾದರೂ ಎಂಜಿನಿಯರು ಬಂದರೆ, ದಯವಿಟ್ಟು ಕಚ್ಚಿಬಿಡಿ.