ಸಿಡಿಯದ ಮದ್ದನ್ನು ಮೇಯುವವರಿಗೆ, ಗುಲಾಬಿ ಬಾವಿಯ ಕಟ್ಟೆಯಿಂದ

ಗೋಡೆಯಾಚೆಯ ಬಯಲಿನ ಮಣ್ಣಿನಲ್ಲಿ ಬೀಡುಬಿಟ್ಟಿರುವ ಸಮಸ್ತ ಸೂಕ್ಷ್ಮಜೀವಿಗಳ ಸನ್ನಿಧಿಗೆ,

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಒಬ್ಬೊಬ್ಬರನ್ನೇ ಮಾತಾಡಿಸಿ ಯೋಗಕ್ಷೇಮ ವಿಚಾರಿಸುವುದು ಮರ್ಯಾದೆ. ಆದರೆ ಒಂದು ಚಮಚ ಮಣ್ಣಿನಲ್ಲಿ ತಾವು ಒಂದು ದೇಶದ ಜನಸಂಖ್ಯೆಯಷ್ಟು ಇರುತ್ತೀರೆಂದು ನಾನು ಓದಿದ ಕರಪತ್ರವೊಂದು ಹೇಳುವುದರಿಂದ ಎಲ್ಲರಿಗೂ ಸೇರಿಸಿ ಒಂದೇ ನಮಸ್ಕಾರ ಕಳಿಸುತ್ತಿದ್ದೇನೆ, ಜಗಳವಾಡದೆ ಹಂಚಿಕೊಳ್ಳಬೇಕು. ತಾವು ಓದಲಾರಿರಿ ಎಂಬುದು ನನಗೆ ಗೊತ್ತು. ಆ ಬಯಲನ್ನು ನೋಡಿಕೊಳ್ಳುವ ಇಲಾಖೆಯವರಿಗೂ ಓದುವ ಅಭ್ಯಾಸವಿಲ್ಲ, ಆದರೂ ಇಷ್ಟು ಕಾಲ ಅವರಿಗೇ ಬರೆದೆ. ಅವರಿಗೆ ಹೋಲಿಸಿದರೆ ತಮ್ಮಲ್ಲೊಂದು ಹೆಚ್ಚುಗಾರಿಕೆಯಿದೆ: ಕೈಗೆ ಬಂದ ಕಾಗದವನ್ನು ತಾವು ನಿಧಾನವಾಗಿಯಾದರೂ ಅರಗಿಸಿಕೊಳ್ಳುತ್ತೀರಿ. ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಎಲ್ಲರೂ ಓದಲೆಂದು ಬೇಲಿಗೆ ಅಂಟಿಸಿ, ಇನ್ನೊಂದನ್ನು ತಮ್ಮ ಗುಂಡಿಯಲ್ಲಿ ಹೂಳುತ್ತಿದ್ದೇನೆ.

ನಾನು ಆ ಬಯಲಿನ ಗೋಡೆಗೆ ಬೆನ್ನು ಕೊಟ್ಟು ನಿಂತಿರುವ ಲಾಂಡ್ರಿಯ ಒಡತಿಯ ತಂಗಿ. ಕಂಡ ಕರಪತ್ರವನ್ನೆಲ್ಲ ಓದುವುದರಿಂದ ಬೀದಿಯವರು ನನ್ನನ್ನು ‘ಕರಪತ್ರ’ ಎಂದು ಕರೆಯುತ್ತಾರೆ, ಅಕ್ಕನೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ. ಗೋಡೆಯಾಚೆ ಒಂದು ಕಾಲದಲ್ಲಿ ಫಿರಂಗಿ ಗುಂಡುಗಳಿಗೆ ಮದ್ದು ತುಂಬುವ ಶೆಡ್ಡೂ, ತುಂಬಿದ ಗುಂಡನ್ನು ಹಾರಿಸಿ ಪರೀಕ್ಷಿಸುವ ಬಯಲೂ ಇದ್ದವು. ಹಾರಿಸಿದ್ದರಲ್ಲಿ ಕೆಲವು ಸಿಡಿದವು. ಸಿಡಿಯಲು ಮನಸ್ಸು ಬಾರದ ಕೆಲವು ಮಣ್ಣಿನಲ್ಲಿ ಹೂತು, ತುಕ್ಕು ಹಿಡಿದು, ಬಿರುಕು ಬಿಟ್ಟು, ಹೊಟ್ಟೆಯಲ್ಲಿದ್ದ ಮದ್ದನ್ನು ಮಳೆನೀರಿನ ಜೊತೆ ಕೆಳಗೆ ಕಳಿಸಿದವು. ಶೆಡ್ಡು ಮುಚ್ಚಿದ ಮೇಲೆ ಬಾಂಬು ತೆಗೆಯುವವರು ಬಂದು, ಕಬ್ಬಿಣವನ್ನೆಲ್ಲ ಹುಡುಕಿ ಎತ್ತಿಕೊಂಡು, ಕೈ ತೊಳೆದುಕೊಂಡು ಹೊರಟುಹೋದರು. ಮದ್ದು ಕುಡಿದ ಮಣ್ಣು ಉಳಿಯಿತು. ಆ ಮಣ್ಣಿನ ನೀರು ನಮ್ಮ ಬಾವಿಗೆ ಬಂತು.

ಈ ನೀರಿನ ಕಪಟ ತಮಗೆ ಗೊತ್ತೇ ಇದೆ. ಬಾವಿಯಿಂದ ಸೇದಿದಾಗ ಸಂಭಾವಿತರ ಹಾಗೆ ತಿಳಿಯಾಗಿರುತ್ತದೆ, ಬಿಸಿಲು ಕಂಡೊಡನೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಕ್ಕ ಒಗೆಯುತ್ತಿದ್ದುದು ಆಸ್ಪತ್ರೆಯ ಹಾಸಿಗೆಯ ಬಟ್ಟೆ. ಹಂಡೆಯಲ್ಲಿ ಬೆಳ್ಳಗೆ ಬೆಂದು, ನೀಲಿಯಲ್ಲಿ ಬೆಳ್ಳಗೆ ಮುಳುಗಿ, ತಂತಿಯ ಮೇಲೆ ಬೆಳ್ಳಗೆ ಏರಿದ ಬಟ್ಟೆ ಒಣಗುವ ಹೊತ್ತಿಗೆ ನಾಚಿದ ಮುಖದ ಹಾಗೆ ಆಗಿರುತ್ತಿತ್ತು. ಆಸ್ಪತ್ರೆಯ ದೊಡ್ಡ ನರ್ಸ್ ಮೊದಲ ಸಲ ಬಂದಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡನೆಯ ಸಲ, ರೋಗಿಗಳು ಇದನ್ನು ನೋಡಿ ಹಿಂದಿನವನ ರಕ್ತ ಪೂರ್ತಿ ಹೋಗಿಲ್ಲ ಅಂದುಕೊಳ್ಳುತ್ತಾರೆ ಎಂದರು. ಮೂರನೆಯ ಸಲ ಬರಲಿಲ್ಲ, ಬಟ್ಟೆಯ ಗಂಟುಗಳೂ ಬರಲಿಲ್ಲ. ಇಲಾಖೆಯವರು ಬಂದು ಬಾವಿಗೆ ತಗಡು ಹೊದಿಸಿ, ಕುಡಿಯಲು ಟ್ಯಾಂಕರ್ ನೀರು ಕಳಿಸುವುದಾಗಿ ಹೇಳಿ ಹೋದರು. ಆ ಟ್ಯಾಂಕರ್ ತನಗೆ ಮನಸ್ಸಾದಾಗ ಬರುತ್ತದೆ, ಅದು ತರುವ ನೀರಿನಲ್ಲಿ ಕರವಸ್ತ್ರ ಒಗೆಯಬಹುದು, ಆಸ್ಪತ್ರೆಯನ್ನಲ್ಲ. ಒಲೆ ಆರಿಸಿದ ಲಾಂಡ್ರಿಯಲ್ಲಿ ಅಕ್ಕ ಕೆಲಸವಿಲ್ಲದೆ ಇರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳು ಇಸ್ತ್ರಿಯಾದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು.

ಇಂಥ ಹೊತ್ತಿನಲ್ಲಿ, ಮಣ್ಣು ಶುದ್ಧಮಾಡಲೆಂದು ಇಲಾಖೆಯವರು ಕರೆಸಿಕೊಂಡ ತಮ್ಮ ಆಗಮನವಾಯಿತು. ಲೋಕ ಯಾವುದನ್ನು ಮುಟ್ಟಲು ಹೆದರುತ್ತದೆಯೋ ಅದನ್ನು ತಾವು ಊಟ ಮಾಡುತ್ತೀರೆಂದೂ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ನೀರೊಂದನ್ನು ನಂಚಿಕೊಳ್ಳಲು ಕೊಟ್ಟರೆ ಸಾಕೆಂದೂ, ಪ್ರಯೋಗಾಲಯದಿಂದ ಬಂದ ಹುಡುಗಿ ನಮಗೆ ವಿವರಿಸಿದಾಗ ನನ್ನ ಎದೆ ಉಬ್ಬಿತು. ಮಾನ್ಯರೇ, ನಾನು ಓದಿದ ಕರಪತ್ರಗಳೆಲ್ಲ ಬಣ್ಣಿಸುವ ಆದರ್ಶ ಕಾರ್ಮಿಕರು ಕೊನೆಗೂ ಕಣ್ಣಿಗೆ ಬಿದ್ದರು, ಅಂದರೆ ಕಣ್ಣಿಗೆ ಬೀಳಲಿಲ್ಲ, ಆದರೆ ಇದ್ದರು. ತಮ್ಮಲ್ಲಿ ಮೇಸ್ತ್ರಿ ಇಲ್ಲ, ಮೇಲಧಿಕಾರಿ ಇಲ್ಲ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೂರುವುದು ಜಾಗ ಸಾಲದಿದ್ದಾಗ ಮಾತ್ರ. ಈ ಮದ್ದು ಯಾವ ದೇಶದ್ದು, ಯಾವ ಬಾವುಟದ ಕೆಳಗೆ ಅರೆದದ್ದು, ಯಾರ ಮಕ್ಕಳ ತಲೆಗೆಂದು ತುಂಬಿದ್ದು ಎಂದು ತಾವು ಕೇಳುವುದಿಲ್ಲ, ಎಲ್ಲವನ್ನೂ ಸಮನಾಗಿ ನುಂಗುತ್ತೀರಿ. ಶಾಂತಿ ಸಮ್ಮೇಳನಗಳಲ್ಲಿ ದೊಡ್ಡವರು ಊಟ ಮುಗಿಸಿ ಏಳುವುದನ್ನು ಕಂಡಿದ್ದೇವೆ. ಊಟ ಮಾಡಿಯೇ ಶಾಂತಿಯನ್ನು ತರುವವರನ್ನು ಕಂಡಿರಲಿಲ್ಲ.

ಆದರೆ ತಮ್ಮನ್ನು ಎಲ್ಲಿ ಕೂರಿಸಿದರು ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ವಿಷ ಇರುವುದು ಬಾವಿಯ ಕಡೆ, ಗುಂಡಿ ತೋಡಿದ್ದು ಡಾಂಬರು ರಸ್ತೆಯ ಕಡೆ. ಯಾಕೆಂದು ನಾನು ವಿಚಾರಿಸಿದ್ದಕ್ಕೆ ಇಲಾಖೆಯ ನಿರ್ದೇಶಕರು ಬಹಳ ಸಮಾಧಾನದಿಂದ, ನೋಡಲು ಬರುವ ಗಣ್ಯರ ಕಾರು ಬಾವಿಯವರೆಗೆ ಹೋಗುವುದಿಲ್ಲ ತಾಯಿ ಎಂದು ವಿವರಿಸಿದರು. ಹೀಗಾಗಿ ತಾವು ಬಹುಕಾಲ ರಸ್ತೆಬದಿಯಲ್ಲಿ ಕುಳಿತು ವಿಷವೇ ಇಲ್ಲದ ಮಣ್ಣಿನಲ್ಲಿ ಬರಿಯ ಕಾಕಂಬಿ ಚಪ್ಪರಿಸುತ್ತ ಬೊಜ್ಜು ಬೆಳೆಸಿಕೊಂಡಿರಿ. ಇದರಲ್ಲಿ ತಮ್ಮ ತಪ್ಪಿಲ್ಲ, ಸರ್ಕಾರಿ ಕೆಲಸಕ್ಕೆ ಸೇರಿದ ಯಾರಿಗಾದರೂ ಆಗುವಂಥದ್ದೇ.

ತಮ್ಮನ್ನು ಹೊತ್ತು ತಂದ ಪೀಪಾಯಿಗಳಲ್ಲಿ ಒಂದು ನಮ್ಮ ಗೋಡೆಯ ಪಕ್ಕ ಸೋರುತ್ತಿತ್ತು. ಏನಾದರೂ ಸೋರುವುದನ್ನು ಕಂಡರೆ ನಮ್ಮ ಅಕ್ಕನಿಗೆ ತಡೆಯಲಾಗದು, ಅದು ಯಾರದ್ದೇ ಆಗಿರಲಿ, ಅದರ ಕೆಳಗೊಂದು ಬಕೆಟ್ ಇಟ್ಟೇ ತೀರಬೇಕು. ಇಟ್ಟಳು. ಪೀಪಾಯಿ ಹೋಯಿತು, ಬಕೆಟ್ಟಿನ ತಳದಲ್ಲಿ ತಾವು ಉಳಿದಿರಿ. ಚೆಲ್ಲು ಎಂದು ನಾನು ಹೇಳಿದೆ. ಅಕ್ಕ ತಮ್ಮನ್ನು ಆರಿದ ಒಲೆಯ ಹಿಂದೆ ಗಾಳಿ ತಾಗದ ಮೂಲೆಯಲ್ಲಿಟ್ಟು, ತಟ್ಟೆ ಮುಚ್ಚಿ, ದಿನವೂ ಬಾವಿಯ ತಗಡು ಸರಿಸಿ ಸೇದಿದ ಒಂದು ಚೊಂಬು ನೀರನ್ನೂ ಚೂರು ಬೆಲ್ಲವನ್ನೂ ಹಾಕತೊಡಗಿದಳು. ಹಾಕುವಾಗ, ಮನೆಗೆ ಬಂದ ಸಂಕೋಚದ ನೆಂಟರಿಗೆ ಬಡಿಸುವ ದನಿಯಲ್ಲಿ, “ತಿನ್ನಿ, ನಾಚ್ಕೋಬೇಡಿ” ಎನ್ನುತ್ತಿದ್ದಳು. ಬಕೆಟ್ಟಿನ ನೀರಲ್ಲಿ ಅದ್ದಿದ ಚಿಂದಿ ಬಿಸಿಲಲ್ಲಿ ಒಣಗಿದರೆ ಚಹಾದ ಕಲೆಯ ಹಾಗೆ ಆಗುತ್ತದೆ, ಗುಲಾಬಿಯಾಗುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಳು. ಪ್ರಯೋಗಾಲಯದ ಹುಡುಗಿಗೂ ಒಮ್ಮೆ ತೋರಿಸಿದಳು. ಹುಡುಗಿ ಬಗ್ಗಿ ಮೂಸಿ ನೋಡಿ, ಇದನ್ನು ನಾನು ನೋಡಿಲ್ಲ ಅಂದ್ಕೊಳ್ಳಿ ಅಕ್ಕ, ಸೋಪಿನ ನೀರು ಮಾತ್ರ ಬೀಳಿಸಬೇಡಿ ಎಂದು ಹೇಳಿ ಹೋದಳಂತೆ.

ಇನ್ನು ಆ ಶುಭದಿನದ ವಿಚಾರ. ತಮ್ಮ ಸಾಧನೆಯನ್ನು ಕಣ್ಣಾರೆ ಕಾಣಲು ಮುಖ್ಯ ಅತಿಥಿಗಳು ಬರುವವರಿದ್ದರು. ಹಿಂದಿನ ದಿನ ನಿರ್ದೇಶಕರು ಗುಂಡಿಯ ಬಳಿ ನಿಂತು ಮೂಗು ಮುಚ್ಚಿಕೊಂಡರು. ತಮ್ಮ ಮೈವಾಸನೆ ಹಿತವೆಂದು ಸುಳ್ಳು ಹೇಳಲಾರೆ, ದುಡಿಯುವವರ ಮೈ ಎಲ್ಲಿಯೂ ಹಾಗೆಯೇ. ಅತಿಥಿಗಳು ಮೂಗು ಮುಚ್ಚಿಕೊಂಡ ಫೋಟೊ ಬರಬಾರದೆಂದು ನಿರ್ದೇಶಕರು ಆಳುಗಳನ್ನು ಕರೆಸಿ, ಗುಂಡಿಗಳಿಗೆಲ್ಲ ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿಸಿದರು. ಮೇಲಿಷ್ಟು ಫಿನಾಯಿಲ್ ಕೂಡ ಹೊಡೆಸಿದರು. ಮನೆಗೆ ಬರುವ ಗಣ್ಯರು ಮಗುವನ್ನು ಎತ್ತಿಕೊಳ್ಳುತ್ತಾರೆಂದು ಮಗುವನ್ನೇ ಹಂಡೆಯಲ್ಲಿ ಕುದಿಸಿಟ್ಟ ಹಾಗಾಯಿತು. ಬ್ಲೀಚಿನ ವಾಸನೆ ಗೋಡೆ ದಾಟಿ ಲಾಂಡ್ರಿಯೊಳಗೆ ಬಂದಾಗ ಅಕ್ಕ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟಳು.

“ಹೋದ್ರು ಕಣೇ ಎಲ್ರೂ,” ಎಂದಳು.

ಮರುದಿನ ಅತಿಥಿಗಳು ಸೂಕ್ಷ್ಮಜೀವಿಗಳಾದ ತಮ್ಮ ದಣಿವರಿಯದ ದುಡಿಮೆಯನ್ನು ದೀರ್ಘವಾಗಿ ಹೊಗಳಿದರು. ಯುವಜನರು ತಮ್ಮನ್ನು ನೋಡಿ ಕಲಿಯಬೇಕೆಂದರು. ತಾವು ಆ ಹೊತ್ತಿಗೆ ಅವರ ಪಾದರಕ್ಷೆಯ ಕೆಳಗೆ ಸಾಮೂಹಿಕವಾಗಿ ತೀರಿಕೊಂಡಿದ್ದಿರಿ. ಚಪ್ಪಾಳೆಯಾಯಿತು. ಬ್ಲೀಚಿಗೆ ಬಣ್ಣ ಕಳೆದುಕೊಂಡ ಗುಂಡಿಯ ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ಹಿಡಿದು ತೋರಿಸಿದರು, ಯಾರೂ ಕುಡಿಯಲಿಲ್ಲ. ಕಲ್ಲಿನ ಫಲಕವೊಂದರ ಪರದೆ ಸರಿಯಿತು, ಅದರಲ್ಲಿ ಹದಿನೇಳು ಮಹನೀಯರ ಹೆಸರಿತ್ತು, ತಮ್ಮಲ್ಲಿ ಒಬ್ಬರದ್ದೂ ಇರಲಿಲ್ಲ. ಸತ್ತವರ ಹೆಸರು ಕೆತ್ತದ ಮೊದಲ ಸ್ಮಾರಕ ನಮ್ಮೂರಿನಲ್ಲಿದೆಯೆಂದು ನಾನು ಹೆಮ್ಮೆಪಡುತ್ತೇನೆ.

ಪ್ರಯೋಗಾಲಯದ ಫ್ರಿಜ್ಜಿನಲ್ಲಿ ತಮ್ಮ ಮೂಲ ಮನೆತನದವರು ಇದ್ದರಲ್ಲ, ಅವರಿಂದ ಮತ್ತೆ ವಂಶ ಬೆಳೆಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇದ್ದರು. ಅತಿಥಿಗಳ ತಂಪು ಪಾನೀಯಕ್ಕೆ ಜಾಗ ಬೇಕಾಗಿ ಅವರ ಸೀಸೆಗಳನ್ನು ಯಾರೋ ಕಿಟಕಿಯ ಮೇಲಿಟ್ಟರು, ಅಲ್ಲಿ ಎಂಥ ಬಿಸಿಲೆಂದು ಕೇಳಬೇಡಿ. ಪಾನೀಯ ಮಾತ್ರ ಚೆನ್ನಾಗಿ ತಂಪಾಗಿತ್ತಂತೆ.

ಹೀಗೆ, ಫಲಕದ ಸಿಮೆಂಟು ಆರುವ ಮೊದಲೇ, ಇಲಾಖೆಯ ಇಡೀ ಯೋಜನೆಯಲ್ಲಿ ಜೀವಂತ ಉಳಿದಿದ್ದು ನಮ್ಮ ಒಲೆಯ ಹಿಂದಿನ ಬಕೆಟ್ ಒಂದೇ. ನಿರ್ದೇಶಕರು ಬಕೆಟ್ಟಿನ ಸುಳಿವು ಸಿಕ್ಕಿ ಪ್ರಯೋಗಾಲಯದ ಹುಡುಗಿಯ ಜೊತೆ ಲಾಂಡ್ರಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ, ಅಕ್ಕ ಕಣ್ಣಲ್ಲೇ ನನ್ನನ್ನು ಒಳಗೆ ಕಳಿಸಿದಳು. ಅದು ಸರ್ಕಾರಿ ಆಸ್ತಿ, ಹಿಂದಿರುಗಿಸಬೇಕಾಗುತ್ತದೆ ಎಂದು ಅವರು ಶುರುಮಾಡಿದರು. ಅಕ್ಕ ವಾದಕ್ಕಿಳಿಯಲಿಲ್ಲ. ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಕಪಾಟಿನಿಂದ ಇಳಿಸಿ ಬಕೆಟ್ಟಿನ ಪಕ್ಕದಲ್ಲಿಟ್ಟು, ಮುಚ್ಚಳ ಸ್ವಲ್ಪ ಸಡಿಲ ಮಾಡಿದಳು.

“ಕೊಡ್ತೀನಿ ಸರ್. ಮೊದ್ಲು ಬಾವಿ ಪಕ್ಕ ಗುಂಡಿ ತೋಡ್ಸಿ. ಕಾರು ಬರದಿದ್ರೆ ನಡ್ಕೊಂಡು ಬನ್ನಿ.”

ನಿರ್ದೇಶಕರು ಡಬ್ಬಿಯನ್ನು ನೋಡಿದರು, ಬಕೆಟ್ಟನ್ನು ನೋಡಿದರು, ಹುಡುಗಿಯನ್ನು ನೋಡಿದರು. ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು, ಅವಳ ಭುಜ ಕುಲುಕುತ್ತಿತ್ತೆಂದು ಒಳಗಿನ ಪರದೆಯ ಸಂದಿಯಿಂದ ನೋಡಿದ ನಾನು ಸಾಕ್ಷಿ ಹೇಳಬಲ್ಲೆ. ಅದೇ ವಾರ ಬಾವಿಯ ಹಿಂದೆ ಗುಂಡಿ ಬಿತ್ತು. ಅಕ್ಕ ತಾನೇ ಬಕೆಟ್ ಹೊತ್ತುಕೊಂಡು ಹೋಗಿ, ಕೂಸನ್ನು ಮಲಗಿಸುವ ಹಾಗೆ ತಮ್ಮನ್ನು ಮಣ್ಣಿಗೆ ಇಳಿಸಿದಳು.

ಆಮೇಲೆ ತಾವು ತೋರಿಸಿದ ಹಸಿವಿಗೆ ನನ್ನ ಬಾಯಿಯಲ್ಲಿ ಪದಗಳಿಲ್ಲ. ಗುಂಡಿ ಒಂದರಿಂದ ನಾಲ್ಕಾಯಿತು. ನೆಲದಡಿಯ ನೀರಿಗೂ ತಮ್ಮನ್ನು ಕೊಳವೆಯಲ್ಲಿ ಕಳಿಸಿದರು. ಅಕ್ಕ ಬೆಳಗಾದರೆ ಒಂದು ದಿಂಬಿನ ಕವರನ್ನು ಬಾವಿಯ ನೀರಲ್ಲಿ ಅದ್ದಿ ತಂತಿಯ ಮೇಲೆ ಹಾಕಿ, ಅದು ಒಣಗುವವರೆಗೆ ಬೇರೆ ಯಾವುದರ ಮೇಲೂ ಮನಸ್ಸಿಡದೆ ಅಡ್ಡಾಡುತ್ತಿದ್ದಳು. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ಕಡುಗುಲಾಬಿ ಇದ್ದದ್ದು ತಿಳಿಗುಲಾಬಿಯಾಯಿತು, ಆಮೇಲೆ ಅನುಮಾನದಂತಿತ್ತು. ಪ್ರಯೋಗಾಲಯದ ಹುಡುಗಿ ಸೀಸೆಯಲ್ಲಿ ನೀರು ಒಯ್ದು ಪರೀಕ್ಷಿಸಿ, ಕುಡಿಯಲು ಇನ್ನೂ ಬೇಡ, ಒಗೆಯಲು ಅಡ್ಡಿಯಿಲ್ಲ ಎಂದಳು. ಕಳೆದ ವಾರ ದೊಡ್ಡ ನರ್ಸ್ ಬಂದರು. ತಂತಿಯ ಮೇಲಿದ್ದ ಕವರನ್ನು ತಮ್ಮ ಬಿಳಿ ಸಮವಸ್ತ್ರದ ಎದೆಗೆ ಹಿಡಿದು ಬಿಸಿಲಲ್ಲಿ ತುಂಬ ಹೊತ್ತು ನಿಂತರು. ಅಕ್ಕ ಅವರ ಮುಖ ನೋಡಲಾರದೆ ಅವರ ಚಪ್ಪಲಿ ನೋಡುತ್ತಿದ್ದಳು.

“ಈಗ ದಿಂಬಿನ ಕವರ್ ಮಾತ್ರ ಕಳಿಸ್ತೀನಿ,” ಎಂದರು ದೊಡ್ಡ ನರ್ಸ್. “ಹಾಸಿಗೇದು ಆಮೇಲೆ ನೋಡೋಣ.”

ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದಳು. ಹೊಗೆ ಕಣ್ಣಿಗೆ ಹೋಯಿತೆಂದಳು, ನಾನು ಒಪ್ಪಿಕೊಂಡೆ.

ಇಷ್ಟೆಲ್ಲ ಉಪಕಾರ ಮಾಡಿಸಿಕೊಂಡು ದೂರು ಯಾಕೆ ಎಂದು ತಾವು ಮುಖ ಸಿಂಡರಿಸಬಹುದು. ನನ್ನ ದೂರು ಒಂದೇ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು: ತಾವು ಊಟಕ್ಕೆ ತಡವಾಗಿ ಬರುತ್ತೀರಿ. ಮದ್ದು ಅರೆದು, ತುಂಬಿ, ಹಾರಿಸಿ, ಸಿಡಿದದ್ದು ಯಾರ ಮನೆಯನ್ನೋ ಕೆಡವಿ, ಸಿಡಿಯದೆ ಉಳಿದದ್ದು ಯಾರ ಬಾವಿಗೋ ಇಳಿದು, ಒಬ್ಬ ಹೆಂಗಸು ತನ್ನ ಒಲೆಯನ್ನು ಆರಿಸಿದ ಮೇಲೆ ತಾವು ಕೈ ತೊಳೆದು ಎಲೆಯ ಮುಂದೆ ಕೂರುತ್ತೀರಿ. ಎಂಜಲನ್ನೇ ಏಕೆ ತಿನ್ನಬೇಕು? ಉಗ್ರಾಣದಲ್ಲಿ ಬಿಸಿಬಿಸಿಯಾಗಿ ಇರುವಾಗಲೇ ಬರಬಾರದೇ? ಫಿರಂಗಿ ಗುಂಡುಗಳಿಗೆ ತುಂಬುವ ಮೊದಲು, ಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲು, ಕಾದಾಡುವ ಎರಡೂ ಕಡೆಯ ಉಗ್ರಾಣಗಳಿಗೆ ಒಂದೇ ದಿನ ತಾವು ದಯಮಾಡಿಸಿ, ಪಂಕ್ತಿಭೇದ ಮಾಡದೆ ಕುಳಿತು ಉಂಡರೆ, ಬೆಳಿಗ್ಗೆ ಸೇನಾಪತಿಗಳು ಬಾಗಿಲು ತೆರೆದಾಗ ಒಳಗೆ ತಂಪಾದ ಒಳ್ಳೆಯ ಗೊಬ್ಬರ ಇರುತ್ತಿತ್ತು. ಅದು ನನ್ನ ಮೊದಲ ಕೋರಿಕೆ. ಎರಡನೆಯದು, ಬಿಡುವಾದಾಗ ಆ ಕಲ್ಲಿನ ಫಲಕವನ್ನೂ ಒಂದು ಕಡೆಯಿಂದ ನೋಡಿಕೊಳ್ಳಿ. ನಿರ್ದೇಶಕರ ಹೆಸರಿನಿಂದ ಶುರುಮಾಡಿದರೆ ಸಂತೋಷ. ಕಲ್ಲು ತಮಗೆ ಒಗ್ಗುವುದಿಲ್ಲವೆಂದು ಗೊತ್ತು, ಆದರೆ ಮದ್ದು ಒಗ್ಗುತ್ತದೆಂದೂ ಯಾರೂ ಅಂದುಕೊಂಡಿರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಗಣ್ಯರು ಬರುವ ಸುದ್ದಿ ಕೇಳಿದರೆ ಆಳಕ್ಕೆ ಇಳಿಯಿರಿ.

ತಮ್ಮ ವಿಶ್ವಾಸಿ, ತಮ್ಮ ಎಂಜಲಿನ ಬಾವಿಯಲ್ಲಿ ಬಟ್ಟೆ ಒಗೆಯುವವಳ ತಂಗಿ,
ಕರಪತ್ರ

ಮರೆತ ಮಾತು: ಊರಿನ ಇನ್ನೊಂದು ಬದಿಯಲ್ಲಿ ಮದ್ದು ತುಂಬುವ ಹೊಸ ಶೆಡ್ಡಿಗೆ ಅಡಿಗಲ್ಲು ಬಿದ್ದಿದೆ. ನೆಲ ಕೆಡುವುದಿಲ್ಲವೇ ಎಂದು ಸಭೆಯಲ್ಲಿ ನಾನು ಎದ್ದು ಕೇಳಿದ್ದಕ್ಕೆ, ಕೆಟ್ಟರೆ ಸರಿಮಾಡಲು ಅವರಿದ್ದಾರಲ್ಲ ಎಂದು ನಿರ್ದೇಶಕರು ತಾವಿರುವ ಗುಂಡಿಗಳ ದಿಕ್ಕಿಗೆ ಕೈ ತೋರಿಸಿದರು. ತಮ್ಮ ಒಳ್ಳೆಯತನ ಯಾರಿಗೆ ಧೈರ್ಯ ಕೊಟ್ಟಿದೆ ಎಂಬುದು ತಮಗೆ ತಿಳಿದಿರಲಿ. ಅಕ್ಕ ಇನ್ನೊಂದು ಬಕೆಟ್ ತೊಳೆದು ಬೋರಲು ಹಾಕಿದ್ದಾಳೆ. ಈ ಸಲ ಬೇಗ ಬನ್ನಿ.